ಕಾಯಿ ಅಟ್ಟದ ಕೆಳಗೆ ಐದನೇ ಕುರ್ಚಿ

ತಿಪಟೂರು
೧೨ ಆಗಸ್ಟ್ ೨೦೨೫, ಮಂಗಳವಾರ

ರೇಣುಕಪ್ರಸಾದ್ ಅವರಿಗೆ ವನಜಾಕ್ಷಿಯ ನಮಸ್ಕಾರ.

ಕಟ್ಟಿಕೊಂಡ ಗಂಡನಿಗೆ ಹೀಗೆ ಹೆಸರು ಹಿಡಿದು ಬರೆಯುವುದು ನನಗೂ ವಿಚಿತ್ರವಾಗಿಯೇ ಇದೆ. ಮೊದಲ ಹಾಳೆಯಲ್ಲಿ ‘ರೀ’ ಎಂದು ಶುರುಮಾಡಿದ್ದೆ. ಹದಿನೆಂಟು ತಿಂಗಳು ಮಾತುಕತೆ ಇಲ್ಲದ ಮೇಲೆ ಈ ಸಲಿಗೆ ಎಲ್ಲಿಂದ ಬಂತು ಎಂದು ನೀವು ಹುಬ್ಬೇರಿಸುತ್ತೀರಿ ಅಂತ ಹರಿದುಹಾಕಿದೆ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಎತ್ತಿದರೂ ಈಗ ನನಗೆ ಮಾರುವವರ ದನಿ ಬಂದುಬಿಟ್ಟಿದೆ, ಎರಡು ಮಾತಿಗೆ ನಿಮ್ಮನ್ನು ಒಪ್ಪಿಸಲು ಹೊರಟುಬಿಡುತ್ತೇನೆ. ಅದಕ್ಕೇ ಕಾಗದ.

ಹೌದು, ನಾನೂ ಮಾರುವವಳೇ ಆಗಿದ್ದೇನೆ. ನೀವು ಅರಸೀಕೆರೆಯ ಅಕ್ಕನ ಮನೆ ಸೇರಿದ ಎರಡು ತಿಂಗಳಿಗೆ, ತೆಂಗಿನಕಾಯಿ ಸುಲಿಯುವ ಯಂತ್ರದ ಡೀಲರ್ ಹತ್ತಿರ ಕೆಲಸಕ್ಕೆ ಸೇರಿದೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎರಡೂ ನಾನು ಮಾರಲು ಸುತ್ತುವ ಲೈನು. ಹದಿನಾಲ್ಕು ವರ್ಷ ಪಂಪ್‌ಸೆಟ್ ಮಾರಿದ ನಿಮ್ಮ ಹೆಸರು ಹೇಳಿದರೆ ಈಗಲೂ ಕೆಲವು ತೋಟಗಳಲ್ಲಿ ಎಳನೀರು ಕೊಡುತ್ತಾರೆ. ಕುಡಿದು ಬರುತ್ತೇನೆ, ನೀವೆಲ್ಲಿದ್ದೀರಿ ಎಂದು ಕೇಳಿದರೆ ಮಾತು ಮರೆಸುತ್ತೇನೆ.

ಈ ಕಾಗದ ಬರೆಯುತ್ತಿರುವುದು ಒಂದೇ ಕಾರಣಕ್ಕೆ. ಮುಂದಿನ ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ನೀವು ತಿಪಟೂರಿಗೆ ಬರಬೇಕು. ಮನೆಗಲ್ಲ, ನಮ್ಮ ಕೂಟಕ್ಕೆ. ಬಂದರೆ ನನ್ನ ಎದೆಯ ಭಾರ ಇಳಿಯುತ್ತದೆ. ಬಾರದಿದ್ದರೆ ನಾನು ಇನ್ನೊಮ್ಮೆ ಕೇಳುವುದಿಲ್ಲ.

ಕೂಟ ಯಾವುದು ಎಂದು ಹೇಳುತ್ತೇನೆ. ಹೋದ ವರ್ಷ ತುಮಕೂರಿನ ತರಬೇತಿಯಲ್ಲಿ ಒಬ್ಬರು, ಮಾರುವವರು ನಾಲ್ಕೈದು ಜನ ವಾರಕ್ಕೊಮ್ಮೆ ಸೇರಿ ತಮ್ಮ ತಮ್ಮ ಕಷ್ಟವನ್ನು ಮುಂದಿಟ್ಟು ಒಬ್ಬರ ತಲೆ ಇನ್ನೊಬ್ಬರಿಗೆ ಆಗುವ ಹಾಗೆ ಮಾಡಬೇಕು, ಅದಕ್ಕೆ ಮಾಸ್ಟರ್‌ಮೈಂಡ್ ಗ್ರೂಪ್ ಎನ್ನುತ್ತಾರೆ ಎಂದರು. ಆ ಹೆಸರು ಇಲ್ಲಿ ಯಾರ ಬಾಯಲ್ಲೂ ನಿಲ್ಲಲಿಲ್ಲ, ಮಂಗಳವಾರದ ಕೂಟ ಎಂದೇ ಆಯಿತು. ಮಂಗಳವಾರ ಹೊಸ ಗಾಡಿಗೆ, ಹೊಸ ಯಂತ್ರಕ್ಕೆ ಯಾರೂ ಕೈಹಾಕುವುದಿಲ್ಲವಲ್ಲ, ನಮಗೆ ಬಿಡುವು. ಇಪ್ಪತ್ತೆಂಟು ವರ್ಷದಿಂದ ಹಿಂಡಿ-ಬೂಸಾ ಮಾರುವ ಮರುಳಸಿದ್ದಯ್ಯನವರು, ಬೈಕ್ ಷೋರೂಮಿನ ಹನುಮಂತರಾಜು, ವಿಮೆ ಮಾಡಿಸುವ ಮಧುಶ್ರೀ, ನಾನು. ಜಾಗ ಕೊಟ್ಟವರು ನನ್ನಿಂದ ಮೊದಲ ಯಂತ್ರ ಕೊಂಡ ಚಿಕ್ಕಗೌರಮ್ಮ. ಅವರ ತೋಟದ ಕೊಟ್ಟಿಗೆಯಲ್ಲಿ ಮೇಲೆ ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ, ಕೆಳಗೆ ನಮ್ಮ ನಾಲ್ಕು ಪ್ಲಾಸ್ಟಿಕ್ ಕುರ್ಚಿ.

ಮೊದಲ ಮೂರು ವಾರ ಏನಾಯಿತು ಎಂದು ಕೇಳಿದರೆ ನಗುತ್ತೀರಿ. ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ ಎನ್ನುವ ಹಾಗೆ, ಒಬ್ಬರಿಗೊಬ್ಬರು ಮಾರಿದ್ದೇ ಮಾರಿದ್ದು. ಮಧುಶ್ರೀ ಹನುಮಂತರಾಜುವಿಗೆ ಪಾಲಿಸಿ ಮಾಡಿಸಿದಳು. ಅವನು ಅವಳ ತಮ್ಮನಿಗೆ ಬೈಕ್ ಬುಕ್ ಮಾಡಿಸಿದ. ಹಸುವೇ ಇಲ್ಲದ ನಾನು ಒಂದು ಮೂಟೆ ಬೂಸಾ ಹೊತ್ತು ಮನೆಗೆ ಬಂದೆ. ಕಷ್ಟ ಹೇಳಿಕೊಳ್ಳಿ ಎಂದರೆ ಎಲ್ಲರೂ ಈ ತಿಂಗಳು ಬಹಳ ಜೋರು ಅನ್ನುವವರೇ.

ನಾಲ್ಕನೇ ವಾರ ಚಿಕ್ಕಗೌರಮ್ಮ ಕಾಫಿ ತಂದವರು ಹಾಗೇ ನಿಂತು ಕೇಳಿಸಿಕೊಂಡರು. ಆಮೇಲೆ ಅಟ್ಟದಿಂದ ಒಂದು ಕಾಯಿ ಇಳಿಸಿ ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಕೊಬ್ಬರಿ ಬಿಟ್ಟುಕೊಂಡು ಲೊಡಲೊಡ ಎಂದಿತು. “ಒಣಗಿದ್ಕೆ ಒಂದ್ ಸದ್ದು, ನೀರಿರೋದಕ್ಕೆ ಒಂದ್ ಸದ್ದು. ಬಾಯ್ ಮುಚ್ಕಂಡ್ರೆ ತಾನೇ ಕೇಳ್ಸೋದು? ನಿಮ್ಗಳ್ ಸಂತೇಲಿ ನಂಗೊಂದೂ ಕೇಳ್ತಿಲ್ಲ ಕಣ್ರಪ್ಪ,” ಅಂದರು.

ಅಂದಿನಿಂದ ಕೂಟದ ಕಟ್ಟಳೆ ಅದೇ. ಕಾಯಿ ಯಾರ ಕೈಯಲ್ಲಿದೆಯೋ ಅವರೇ ಮಾತಾಡಬೇಕು. ಅವರು ಕೆಳಗಿಡುವ ತನಕ ಉಳಿದವರು ತುಟಿ ಬಿಚ್ಚುವಂತಿಲ್ಲ. ಇಟ್ಟ ಮೇಲೂ ಬುದ್ಧಿ ಹೇಳುವಂತಿಲ್ಲ, ಪ್ರಶ್ನೆ ಮಾತ್ರ. ಒಳಗಿನ ಮಾತು ಹೊರಗೆ ಹೋಗಬಾರದು. ಹೊಸಬರು ಬರಬೇಕಾದರೆ ಎಲ್ಲರೂ ಒಪ್ಪಬೇಕು.

ಇನ್ನು ಮುಂದೆ ಬರೆಯುವುದನ್ನು ಎಲ್ಲರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಮರುಳಸಿದ್ದಯ್ಯನವರಂತೂ, “ಬರೀರವ್ವ, ಅವ್ರಿಗೂ ಗೊತ್ತಾಗ್ಲಿ,” ಎಂದರು.

ಹೋದ ತಿಂಗಳು ಒಂದು ಮಂಗಳವಾರ ಅವರು ಕಾಯಿ ಹಿಡಿದು ಬಹಳ ಹೊತ್ತು ಸುಮ್ಮನೆ ಕುಳಿತರು. ನಾವೂ ಸುಮ್ಮನಿದ್ದೆವು. ಮೊದಲಾಗಿದ್ದರೆ ಮೂರು ಜನವೂ ಮುಗಿಬೀಳುತ್ತಿದ್ದೆವು. ಕೊನೆಗೆ ಅವರು ಹೇಳಿದ್ದು ಇಷ್ಟೇ: “ಇಪ್ಪತ್ತೊಂದ್ ದಿನ ಆಯ್ತು, ಸಂಪಿಗೆ ಊರಿನ ದೇವಸ್ಥಾನದ ಜಗಲಿ ಮೇಲೆ ಕುಂತಿದ್ದು ಕುಂತಿದ್ದು ಬತ್ತಾ ಇವ್ನಿ. ಮನೇಲಿ ಲೈನಿಗೆ ಹೋಗಿದ್ದೆ ಅಂತೀನಿ. ಬ್ಯಾಗ್ ಬಿಚ್ಚೇ ಇಲ್ಲ.”

ನಾನು ಅವರ ಬ್ಯಾಗನ್ನೇ ನೋಡುತ್ತ ಕುಳಿತೆ. ಏಕೆಂದು ನಿಮಗೆ ಹೇಳಬೇಕಾಗಿಲ್ಲ.

ಆಮೇಲೆ ಆದದ್ದನ್ನು ನೆನೆದರೆ ಈಗಲೂ ಬೆರಗಾಗುತ್ತದೆ. ಯಾರೂ ಕೇಳದೆಯೇ ಹನುಮಂತರಾಜು ಕೈಚಾಚಿ ಕಾಯಿ ತೆಗೆದುಕೊಂಡ. ನನ್ನದು ತುರುವೇಕೆರೆ ಬಸ್‌ಸ್ಟ್ಯಾಂಡು, ಕೊನೇ ಕಲ್ಲುಬೆಂಚು ಎಂದ. ಅವನ ಕೈಯಿಂದ ಮಧುಶ್ರೀ ತೆಗೆದುಕೊಂಡಳು. ತಾಲ್ಲೂಕು ಆಫೀಸಿನ ಹಿಂದಿನ ಹುಣಸೆಮರ, ಯಾರಾದರೂ ಕಂಡರೆ ಫೋನಿನಲ್ಲಿ ಮಾತಾಡುವ ಹಾಗೆ ನಟಿಸುತ್ತೇನೆ ಎಂದಳು. ಊರೂರಿಗೆ ನಗುನಗುತ್ತ ನುಗ್ಗುವ ಇಷ್ಟು ಜನರಿಗೂ, ಬಾಗಿಲು ತಟ್ಟಲು ಕೈ ಏಳದ ದಿನ ಹೋಗಿ ಕೂರಲು ಒಂದೊಂದು ಜಾಗವಿತ್ತು. ಒಬ್ಬೊಬ್ಬರೂ ತಾವೊಬ್ಬರೇ ಎಂದುಕೊಂಡಿದ್ದರು. ಅಟ್ಟದ ಮೇಲೆ ಯಾವುದೋ ಕಾಯಿ ಸರಿದ ಸದ್ದೂ ಕೇಳಿಸಿತು. ನಾನು ದೇವಸ್ಥಾನದಲ್ಲಿ ಕೂಡ ಹಾಗೆ ಕೈಮುಗಿದು ಕುಳಿತವಳಲ್ಲ.

ಕಾಯಿ ನನ್ನ ಹತ್ತಿರ ಬಂತು. ನನಗೆ ಅಂಥ ಜಾಗ ಯಾವುದೂ ಇಲ್ಲ ಎಂದೆ. ಚಿಕ್ಕಗೌರಮ್ಮ ಅದನ್ನು ನನ್ನ ಕೈಯಿಂದ ಇಸಕೊಂಡು ಕಿವಿಗಿಟ್ಟುಕೊಂಡು, ನನ್ನ ಮುಖವನ್ನೇ ನೋಡುತ್ತ, “ಇದ್ರಲ್ಲಿನ್ನೂ ನೀರದೆ ಕಣವ್ವ,” ಎಂದು ನಕ್ಕರು.

ಮರುಳಸಿದ್ದಯ್ಯನವರಿಗೆ ಆವತ್ತು ನಾವು ಕೇಳಿದ್ದು ಮೂರೇ ಪ್ರಶ್ನೆ. ಹಾಲು ಕರೆಯುವವರು ಯಾರು, ಡೇರಿಗೆ ಹಾಕುವವರು ಯಾರು, ನೀವು ಹಿಂಡಿಯ ಮಾತಾಡುವುದು ಯಾರ ಹತ್ತಿರ? ಇಪ್ಪತ್ತೆಂಟು ವರ್ಷವೂ ಅವರು ಟೀ ಅಂಗಡಿಯ ಗಂಡಸರ ಹತ್ತಿರವೇ ಮಾತಾಡಿದ್ದರು. ಈಗ ಬೆಳಿಗ್ಗೆ ಆರಕ್ಕೆ ಹಾಲ್ಕುರಿಕೆ ಕಡೆಯ ಡೇರಿಗಳ ಮುಂದೆ ನಿಂತು ಹೆಂಗಸರನ್ನು ಅವ್ವಾ, ತಾಯೀ ಎಂದು ಮಾತಾಡಿಸುತ್ತಾರೆ. ಬ್ಯಾಗು ಬಿಚ್ಚುತ್ತಿದ್ದಾರೆ. ಅರವತ್ತರ ಹತ್ತಿರ ಬಂದ ಮನುಷ್ಯ ಹೀಗೆ ಮತ್ತೆ ಎದ್ದುನಿಲ್ಲಬಹುದು ಎಂದು ನನಗೆ ಗೊತ್ತಿರಲಿಲ್ಲ.

ನಿಮಗೆ ಹಾಗೆ ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ. ನಾನಿದ್ದೆ, ಆದರೆ ನಾನು ಕೇಳಿದ ಪ್ರಶ್ನೆಯೇ ಬೇರೆ. ಎಂಟು ತಿಂಗಳು ನೀವು ಲೈನಿಗೆಂದು ಹೊರಟು ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಸಂಜೆಯ ತನಕ ಕೂರುತ್ತಿದ್ದಿರಿ ಎಂದು ಗೊತ್ತಾದ ದಿನ, ನಾನು ನಡುಮನೆಯಲ್ಲಿ ನಿಂತು ಕೇಳಿದೆ: ನನ್ನ ಕೈಯಲ್ಲಿ ಡಬ್ಬಿ ಕಟ್ಟಿಸ್ಕೊಂಡು ಹೋಗಿ ಅಲ್ಲಿ ಕುಂತು ತಿಂತಿದ್ರಲ್ಲ, ಗಂಟಲಲ್ಲಿ ಹೆಂಗಿಳೀತು? ನೀವು ಮಾರನೆಯ ದಿನ ಡಬ್ಬಿ ಇಲ್ಲೇ ಬಿಟ್ಟು ಹೊರಟುಹೋದಿರಿ.

ಇವತ್ತು ಬೆಳಿಗ್ಗೆ ಕಾಯಿಯನ್ನು ನಾನೇ ಕೇಳಿ ತೆಗೆದುಕೊಂಡೆ. ಏನು ಹೇಳಿದೆ ಎನ್ನುವುದು ಅಟ್ಟದ ಕೆಳಗಿನ ಮಾತು, ಇಲ್ಲಿ ಬರೆಯುವುದಿಲ್ಲ. ಹೇಳಿ ಮುಗಿಸಿ ನಿಮ್ಮ ಹೆಸರು ಎತ್ತಿದೆ. ಪಂಪ್‌ಸೆಟ್ ಮಾರುವ ಇಬ್ಬರು ಈಗಾಗಲೇ ಸೇರಿಸಿಕೊಳ್ಳಿ ಎಂದು ಕೇಳಿದ್ದರು. ಅವರಿಗೆ ಇಲ್ಲ ಎಂದಿದ್ದ ಮೂರೂ ಜನ ನಿಮಗೆ ಕೈ ಎತ್ತಿದರು. ಈಗ ನೀವು ಹಾರ್ಡ್‌ವೇರ್ ಅಂಗಡಿಯಲ್ಲಿದ್ದೀರಿ, ಮಾರುವ ಕೆಲಸ ಬಿಟ್ಟಿದ್ದೀರಿ ಎಂದೂ ಹೇಳಿದೆ. ಗಲ್ಲಾಪೆಟ್ಟಿಗೆ ಹಿಂದೆ ನಿಂತವನೂ ಮಾರುವವನೇ ಎಂದು ಹನುಮಂತರಾಜು ತೀರ್ಪು ಕೊಟ್ಟ. ಚಿಕ್ಕಗೌರಮ್ಮ ಒಳಗಿನಿಂದ ಐದನೇ ಕುರ್ಚಿ ತಂದು, ಸೆರಗಿನಲ್ಲಿ ಒರೆಸಿ ಇಟ್ಟರು.

ಬಂದರೆ ಯಾರೂ ನಿಮ್ಮನ್ನು ಯಾವುದಕ್ಕೂ ಒಪ್ಪಿಸುವುದಿಲ್ಲ. ಕಾಯಿ ಹಿಡಿದು ಸುಮ್ಮನೆ ಕೂತರೂ ಆಗುತ್ತದೆ, ಕಾಯುತ್ತೇವೆ. ಅಕ್ಕನಿಗೆ ನನ್ನ ನಮಸ್ಕಾರ ಹೇಳಿ.

ಇಂತಿ,
ವನಜಾಕ್ಷಿ

ಮರೆತ ಮಾತು: ರೀ, ಅಂಟಿಸಿದ ಕವರನ್ನು ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಹೋಗಿ ಕೂರುವ ಜಾಗ ಇಲ್ಲ ಎಂದು ಆವತ್ತು ಕೂಟದಲ್ಲಿ ನಾನು ಹೇಳಿದ್ದು ಸುಳ್ಳು. ಒಂದೂವರೆ ತಿಂಗಳಿನಿಂದ ಒಂದು ಯಂತ್ರವೂ ಹೋಗಿಲ್ಲ. ನಾನೂ ಸ್ಟೇಷನ್ನಿಗೇ ಹೋಗಿ ಕೂರುತ್ತಿದ್ದೆ, ಎರಡನೇ ಬೆಂಚು, ರಸ್ತೆಯಿಂದ ಯಾರಿಗೂ ಕಾಣದ್ದು. ಮೊದಲ ದಿನ ಮಧ್ಯಾಹ್ನ ನೀವು ಬಿಟ್ಟುಹೋದ ಅದೇ ಡಬ್ಬಿಯ ಮುಚ್ಚಳ ತೆಗೆದೆ. ಆ ಸದ್ದಿಗೆ ಒಂದು ಕುಂಟು ನಾಯಿ ಎಲ್ಲಿಂದಲೋ ಎದ್ದು ಬಂದು ನನ್ನ ಮುಂದೆ ಕೂತು, ಡಬ್ಬಿಯನ್ನೇ ನೋಡಿತು. ಅದಕ್ಕೆ ಆ ರೂಢಿ ಯಾರು ಮಾಡಿಸಿದರು ಎಂದು ಗೊತ್ತಾಯಿತು. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ನಿಮ್ಮ ಗಂಟಲಲ್ಲಿ ಇಳಿದಿರಲಿಲ್ಲ. ನನಗೂ ಇಳಿಯಲಿಲ್ಲ.