ಸುಡದ ಬಾಲ

ಕಲ್ಯಾಣಪ್ಪಾ, ನನ್ನ ನಾಟಕದ ಹನುಮಂತಾ!

ಸತ್ತವನಿಗೆ ಪತ್ರ ಬರೆಯುವ ಹುಚ್ಚ ಶಹಾಬಾದಿನಲ್ಲಿ ನಾನೊಬ್ಬನೇ. ಏನು ಮಾಡಲಿ, ಕುಂತಲ್ಲಿ ಕೂರಲಾಗುತ್ತಿಲ್ಲ. ನಿನ್ನ ಎದೆಯ ಗಡ್ಡೆಗೆ ಊರೆಲ್ಲ ಬೀಡಿಯನ್ನೇ ಬೈದಿತ್ತಲ್ಲ? ಇವತ್ತು ನಿನ್ನ ಮಗಳು, ಡಾಕ್ಟರ್ ರಾಜೇಶ್ವರಿ, ಬೇರೆಯೇ ಕಥೆ ತಂದಳು. ಆಸ್ಪತ್ರೆಯಲ್ಲಿ ಉಳಿದಿದ್ದ ಗಡ್ಡೆಯ ಚೂರಿಗೆ, ಬಣ್ಣ ಹಚ್ಚಿ ಪ್ರೋಟೀನು ಪತ್ತೆ ಮಾಡುವ ಹೊಸ ಪರೀಕ್ಷೆ ಮಾಡಿಸಿದ್ದಾಳೆ.

“ಕಾಕಾ, ಬಸಿರೊಳಗ ಕೂಸಿನ ಎದಿಗೂಡಿಗೆ ಒಳಪದರ ಬೆಳೆಯೋ ಮುಂದ ಕಾಣೋ ಪ್ರೋಟೀನು ಅಪ್ಪನ ಗಡ್ಡ್ಯಾಗೂ ಕಂಡದ. ಗಡ್ಡಿ ಹುಟ್ಟಿದ್ದು ಪುಪ್ಪುಸದಾಗಲ್ಲ, ಅದರ ಸುತ್ತಿನ ಪದರದಾಗ. ಇಂಥಾದ್ದು ಬೀಡಿಯಿಂದ ಬರಂಗಿಲ್ಲ, ಭಾಳ ಮಾಡಿ ಕಲ್ನಾರಿನ, ಅಂದ್ರ ಆಸ್ಬೆಸ್ಟಾಸಿನ ಧೂಳಿಂದ ಬರ್ತದ. ಸಾಲಿ ಮಾಸ್ತರಾಗಿದ್ದ ಅಪ್ಪಗ ಕಲ್ನಾರು ಎಲ್ಲಿ ಸಿಕ್ತ್ರಿ?”

ಚಹಾ ಅಲ್ಲೇ ಬಿಟ್ಟು ನಮ್ಮ ನಾಟಕದ ಸಾಮಾನಿನ ಕೋಣೆಗೆ ಓಡಿದೆ. ಬೆಂಕಿ ಹಚ್ಚಿದರೂ ಸುಡದ ನಿನ್ನ ಕಲ್ನಾರು ಬಟ್ಟೆಯ ಬಾಲವನ್ನು ನಿನ್ನ ಮಗ ಸಿದ್ಧಲಿಂಗ ಸೊಂಟಕ್ಕೆ ಕಟ್ಟಿಕೊಂಡು ಧೂಳು ಝಾಡಿಸುತ್ತಿದ್ದ. ನಾಳೆ ಅವನದೇ ಹನುಮಂತನ ಪಾತ್ರ.

“ಬಿಚ್ಚೋ ಅದನ್ನ!” ಎಂದು ನನ್ನ ರಾವಣನ ದನಿಯಲ್ಲೇ ಗುಡುಗಿದೆ.

“ಬೆಂಕಿ ಇಲ್ಲದ ಹನುಮಪ್ಪಗ ಯಾರು ಚಪ್ಪಾಳಿ ಹೊಡೀತಾರ್ರಿ ಕಾಕಾ? ರಾವಣಗ ವಯಸ್ಸಾತು, ಅಂಜಾಕತ್ತಾನ!” ಎಂದು ನಕ್ಕ. ನನ್ನ ಮುಖ ನೋಡಿದ ಮೇಲೆ ನಗು ನಿಲ್ಲಿಸಿ ಬಿಚ್ಚಿಟ್ಟ.

ರಾಜೇಶ್ವರಿ ಇನ್ನೂ ನಮ್ಮ ಪಡಸಾಲೆಯಲ್ಲಿ ಉತ್ತರಕ್ಕೆ ಕಾಯುತ್ತಿದ್ದಾಳೆ. “ಹಚ್ಚಿರಿ ಇವನ ಬಾಲಕ್ಕೆ ಬೆಂಕಿ!” ಎಂದು ನಾನು ರಾವಣನಾಗಿ ಅಬ್ಬರಿಸಿದರೆ ಕೊನೆಯ ಸಾಲಿನವರೂ ಎದ್ದು ನಿಲ್ಲುತ್ತಿದ್ದರು. ಈಗ ‘ಆ ಬಾಲದಿಂದಲೇ’ ಎಂದು ನಿನ್ನ ಒಬ್ಬ ಮಗಳಿಗೆ ಕೇಳಿಸುವಷ್ಟು ದನಿ ಹೊರಡುತ್ತಿಲ್ಲ ಕಲ್ಯಾಣಪ್ಪಾ.