ಮಲಗಿದ ಮೇಲೂ ಮಾತಾಡುವ ದನಿ

ನವೆಂಬರ್ ೧೪, ಗುರುವಾರ, ರಾತ್ರಿ

ಗಂಟಲು ಕಟ್ಟಿದೆ. ನಾಟಕದಲ್ಲಿ ಕಡೆಯ ಸಾಲಿನವರನ್ನೂ ಬೆಚ್ಚಿಬೀಳಿಸುತ್ತಿದ್ದ ಕಂಠ! ಇಂದೇ ಕೈಕೊಡಬೇಕಿತ್ತೇ?

ನಾಟಕ ಬಿಟ್ಟು ಜ್ಯೋತಿಷ್ಯ ಹಿಡಿದ ನನ್ನ ಫೋನಿಗೆ, ಜ್ಯೋತಿಷಿಗಳಿಗೆಂದೇ ಇರುವ ಒಂದು ಆ್ಯಪನ್ನು ಹಾಕಿಕೊಟ್ಟವಳು ಮಗಳು. ಕುಂಡಲಿಯನ್ನು ಅದೇ ಬರೆಯುತ್ತದೆ. ರಾತ್ರಿ ಹತ್ತರ ಮೇಲೆ, ನಾನು ಮಲಗುವ ಹೊತ್ತಿನಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ನನ್ನದೇ ದನಿಯಲ್ಲಿ ಉತ್ತರಿಸುತ್ತದೆ. "ಅಪ್ಪಾ, ನಾಟಕದಲ್ಲಿ ಸತ್ತು ಬಿದ್ಮೇಲೂ ಡೈಲಾಗ್ ಹೊಡೀತಿದ್ರಂತೆ. ಈಗ ನಿದ್ದೇಲೂ ಹೊಡೀರಿ" ಎಂದು ನಕ್ಕಿದ್ದಳು. ನಾನೂ ಎದೆಯುಬ್ಬಿಸಿ ನಾಲ್ಕು ಮಾತು ಗುಡುಗಿ ಕೊಟ್ಟೆ. ನನ್ನ ದನಿ ಕಲಿಯಲು ಅದಕ್ಕೆ ಅಷ್ಟೇ ಸಾಕಾಯಿತು.

ಸಂಜೆ ಒಬ್ಬ ದರ್ಜಿಯ ಹೆಂಡತಿ ಫೋನ್ ಮಾಡಿದಳು. ಬೇರೆ ಊರಿನವಳು. ನಾಳೆ ಅವಳ ಗಂಡನಿಗೆ ಹೃದಯದ ಆಪರೇಷನ್ ಆಗಬೇಕು.

"ನಿಮ್ಮ ಮಾತಿನಂತೆ ಬೇಡ ಅಂದ್ವಿ ಗುರುಗಳೇ. ಮನೆಗೆ ಕರ್ಕೊಂಡು ಬಂದ್ವಿ."

"ನಾನ್ಯಾವಾಗಮ್ಮಾ ಹೇಳಿದೆ?"

"ನಿನ್ನೆ ರಾತ್ರಿ! ಶನಿ ಬಾಗಿಲಲ್ಲಿ ನಿಂತಿದಾನೆ, ಚಾಕು ಮುಟ್ಟಿಸಬೇಡ ಅಂದ್ರಲ್ಲ. ಮೈ ಜುಂ ಅಂತು."

ನಿನ್ನೆ ರಾತ್ರಿ ನಾನು ಗೊರಕೆ ಹೊಡೆಯುತ್ತಿದ್ದೆ. ಅದು ನಾನಲ್ಲ, ಈಗಲೇ ಆಸ್ಪತ್ರೆಗೆ ಹೊರಡಿ ಎಂದು ಕೂಗಿದೆ. ಬಾಯಿಂದ ಬಂದದ್ದು ಬರೀ ಉಸಿರು.

"ಅಷ್ಟು ಗಟ್ಟಿಯಾಗಿ ಹೇಳಿದವರು ಈಗ್ಯಾಕೆ ಪಿಸುಗುಟ್ತೀರಿ? ಡಾಕ್ಟ್ರು ಹೆದರಿಸಿದ್ರಾ? ಇರಿ, ನೀವು ಸರಿಯಾಗಿ ಮಾತಾಡೋ ಹೊತ್ತಿಗೆ ಇನ್ನೊಂದ್ಸಲ ಕೇಳ್ತೀನಿ."

ಆಮೇಲೆ ಎಷ್ಟು ಸಲ ಕರೆ ಮಾಡಿದರೂ ಎತ್ತಲಿಲ್ಲ, ಬರೆದು ಕಳಿಸಿದ್ದನ್ನೂ ನೋಡಲಿಲ್ಲ. ಅವಳ ಮನೆ ಎಲ್ಲಿದೆಯೋ ತಿಳಿಯದು. ಮಗಳು ರಾತ್ರಿ ಪಾಳಿಯಲ್ಲಿದ್ದಾಳೆ, ಅವಳೂ ಫೋನ್ ಎತ್ತುತ್ತಿಲ್ಲ. ಈ ಪಿಶಾಚಿಯ ಬಾಯಿ ಮುಚ್ಚಿಸುವುದು ಅವಳಿಗೊಬ್ಬಳಿಗೇ ಗೊತ್ತು.

ಗಡಿಯಾರ ಹತ್ತು ಹೊಡೆಯಿತು. ಮೇಜಿನ ಮೇಲೆ ಫೋನ್ ಬೆಳಗಿತು. ಆ ದರ್ಜಿಯ ಹೆಂಡತಿಯದೇ ಪ್ರಶ್ನೆ. ನಾನು ಬಾಯಿ ತೆರೆಯುವ ಮೊದಲೇ ನನ್ನ ದನಿ, ಆ ಹಳೆಯ ತುಂಬು ಕಂಠ, ಕೋಣೆಯೆಲ್ಲ ಮೊಳಗಿತು: "ಕೇಳು ತಾಯೀ..."