ಭಾವನ ಆಪ್‌ನಲ್ಲಿ ಯಾರ್ಯಾರದೋ ಹೆಸರು

ಮಾರ್ಚ್ ೧೪, ಗುರುವಾರ

ಭಾವ ಇವತ್ತು ನನ್ನ ತಲೆ ತಿಂದುಬಿಟ್ಟರು. ಅವರ ಹಲ್ಲಿನ ಕ್ಲಿನಿಕ್ಕಿಗೆ ನಾನು ಮಾಡಿಕೊಟ್ಟ ಆಪನ್ನು ನಾಳೆ ಬೇರೆ ಡಾಕ್ಟರುಗಳಿಗೂ ಹಂಚಬೇಕಂತೆ. ಹಂಚಲಿ, ಬೇಡ ಅಂದವರ್ಯಾರು? ಆದರೆ ಕೊನೆಯ ಪುಟದಲ್ಲಿರುವ ಹೆಸರುಗಳನ್ನು ಕಿತ್ತುಹಾಕಬೇಕಂತೆ.

"ಯಾರೇ ಇವರೆಲ್ಲ? ನನ್ನ ಆಪ್‌ನಲ್ಲಿ ಇವರಿಗೇನು ಕೆಲಸ?"

"ಫ್ರೇಮ್‌ವರ್ಕ್ ಬರೆದವರು ಭಾವ. ಇಡೀ ಆಪ್ ನಿಂತಿರೋದೇ ಅದರ ಮೇಲೆ. ಪುಕ್ಕಟೆ ಕೊಟ್ಟಿದ್ದಾರೆ. ಯಾರಿಗೆ ಹಂಚಿದರೂ ಅವರ ಹೆಸರು, ಲೈಸೆನ್ಸು ಅನ್ನೋ ಅನುಮತಿ ಪತ್ರ ಜೊತೆಗೆ ಹೋಗಬೇಕು ಅನ್ನೋದೊಂದೇ ಷರತ್ತು."

"ಪುಕ್ಕಟೆ ಕೊಟ್ಟವರಿಗೆ ಹೆಸರು ಬೇರೆ ಕೇಡು!"

ತೆಗೆಯಲ್ಲ ಅಂದೆ. ಹಾಗಾದರೆ ನಿನ್ನ ಆಪೂ ಬೇಡ ಅಂದರು. ಭಾವನಿಗೆ ಎದುರಾಡಿದ್ದು ಇದೇ ಮೊದಲು.

ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಅಕ್ಕ ತಲೆ ಎತ್ತಿದಳು. "ಮದುವೆ ಆದಾಗಿಂದ ನಿಮ್ಮ ಕ್ಲಿನಿಕ್ಕಲ್ಲಿ ಫೋನ್ ಎತ್ತೋದು, ಹೆದರಿದ ಪೇಷಂಟುಗಳಿಗೆ ಸಮಾಧಾನ ಮಾಡೋದು ನಾನು. ಅದೂ ಪುಕ್ಕಟೆ. ಬೋರ್ಡಲ್ಲಿ ನನ್ನ ಹೆಸರೆಲ್ಲಿದೆ ರೀ?"

ದಿನವಿಡೀ ಊರವರ ಬಾಯಿ ತೆರೆಸುವ ಮನುಷ್ಯ ತಾನೇ ಬಾಯಿ ತೆರೆದು ಕೂತರು. ನಗು ತಡೆಯೋಕೆ ನೀರು ಕುಡಿದೆ, ನೆತ್ತಿಗೇರಿತು.

ನಾನು ಹೊರಡುವಾಗ ಭಾವ ಗೇಟಿನವರೆಗೂ ಬಂದು ಪಿಸುಗುಟ್ಟಿದರು. "ಅವರ ಹೆಸರು ಇರಲಿ ಬಿಡು. ನಿಮ್ಮಕ್ಕನ ಹೆಸರನ್ನೂ ಅಲ್ಲೇ ಸೇರಿಸು."

"ಅದು ಲೈಸೆನ್ಸಿನ ಪುಟ, ತಿದ್ದೋ ಹಾಗಿಲ್ಲ ಭಾವ. ಮೊದಲ ಪುಟದಲ್ಲಿ ಹಾಕ್ತೀನಿ."

"ನನ್ನ ಹೆಸರಿನ ಕೆಳಗೆ ತಾನೇ?"

"ಅಕ್ಕನ್ನೇ ಕೇಳಲಾ?"

"ಬೇಡ ಬೇಡ, ಮೇಲೇ ಹಾಕು."

ಹಾಕಿದೆ, ದಪ್ಪಕ್ಷರದಲ್ಲಿ. ನಾಳೆ ಅಕ್ಕ ಅದನ್ನು ನೋಡಿದಾಗ ಅವಳ ಮುಖ ಹೇಗಿರುತ್ತೋ ನೋಡಬೇಕು.